ಹೇಳದೇ ಖಾಡಾ ಮಾಡಿದವನ ಬಾಗಿಲು ಬಡಿಯುವ ಪದ್ಧತಿ: ನನ್ನ ಅನುಭವ

ಬೆಳಗಾವಿ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಹೊಯ್ಯುವ ಫೌಂಡ್ರಿಯೊಂದರಲ್ಲಿ 35-40 ಜನರ ಹಾಜರಿ ನನ್ನ ಕೈಯಲ್ಲಿದೆ. ಕೆಲಸಕ್ಕೆ ಗೈರಾಗುವುದಕ್ಕೆ ನಮ್ಮ ಕಡೆ ಖಾಡಾ ಅನ್ನುತ್ತೇವೆ. "ಒಬ್ಬ ಬರಲಿಲ್ಲಂದ್ರ ಬ್ಯಾರೆಯವನ್ನ ಹಾಕ್ರಿ, ಅವನ ಮನಿ ಬಾಗಲಾ ಯಾಕ ಬಡೀತೀರಿ?" ಅಂತ ನಕ್ಕವರೇ ಈಗ ನನ್ನ ಪದ್ಧತಿ ಕೇಳುತ್ತಿದ್ದಾರೆ.

ಮೊದಲು ಸೋತದ್ದು. ಮಾಲಕರು ಬೆರಳಚ್ಚಿನ ಮಷಿನ್ ತಂದರು, 12 ಸಾವಿರದ ಹತ್ತಿರ ಆಗಿರಬೇಕು. ವರ್ಷಗಟ್ಟಲೆ ಉಸುಕಿನಲ್ಲಿ ಕೈಯಾಡಿಸಿದವರ ಬೆರಳಲ್ಲಿ ಗೆರೆ ಎಲ್ಲಿ ಉಳಿದಾವು? ಎದುರಿಗೆ ನಿಂತವನನ್ನೇ ಗೈರು ಅನ್ನುತ್ತಿತ್ತು. ಆಮೇಲೆ ವಾಟ್ಸಾಪ್ ಗ್ರೂಪ್. ವಾರದೊಳಗೆ ಶುಭೋದಯದ ಹೂವುಗಳ ನಡುವೆ "ಜ್ವರ ಬಂದೈತಿ, ಬರಂಗಿಲ್ಲ" ಅನ್ನುವುದು ಹುಗಿದುಹೋಯಿತು. ಮೂರನೆಯದು ನನ್ನದೇ ಮೂರ್ಖತನ: ತಿಂಗಳಿಡೀ ಖಾಡಾ ಮಾಡದವನಿಗೆ 500 ರೂಪಾಯಿ ಇನಾಮು. ಜ್ವರ ಇಟ್ಟುಕೊಂಡೇ ಬರತೊಡಗಿದರು. ಅಂಥವನೊಬ್ಬ ಕಬ್ಬಿಣ ಹೊಯ್ಯುವಾಗ ತಲೆಸುತ್ತಿ ಪಾದ ಸುಟ್ಟುಕೊಂಡ. ಒಂದೂವರೆ ತಿಂಗಳು ಮನೆಯಲ್ಲಿ ಕುಳಿತ. ಇನಾಮು ಅಂದೇ ಬಂದ್.

ಈಗ ಪ್ರತಿಯೊಬ್ಬನಿಂದ ಎರಡು ನಂಬರ್ ಇಸಿದುಕೊಳ್ಳುತ್ತೇನೆ. ಒಂದು ಮನೆಯದು. ಇನ್ನೊಂದು, 10 ನಿಮಿಷದಲ್ಲಿ ಅವನ ಬಾಗಿಲಿಗೆ ನಡೆದು ಹೋಗಬಲ್ಲವರದು: ಖೋಲಿ ಮಾಲಕ, ಚಹಾದಂಗಡಿಯವ, ಬಾಜೂ ಮನೆಯ ಅಕ್ಕ. ದೂರದ ಸವದತ್ತಿಯ ಅಣ್ಣನಿಗೆ ಫೋನ್ ಹಚ್ಚಿದರೆ ಇಲ್ಲಿ ಪೀರನವಾಡಿಯ ಬಾಗಿಲು ತೆರೆಯುತ್ತದೆಯೇ? ಪಾಳಿ 8ಕ್ಕೆ. ಎಂಟೂವರೆಗೆ ಅವನಿಗೇ ಫೋನ್, 9ಕ್ಕೆ ಎರಡನೇ ನಂಬರ್, 10ಕ್ಕೆ ನಮ್ಮವನೊಬ್ಬ ಗಾಡಿ ಹತ್ತುತ್ತಾನೆ. "ಯಾಕ ಬರಲಿಲ್ಲ?" ಅಂತ ಕೇಳಿದಿರೋ, ಮುಂದಿನ ಸಲ ಫೋನೇ ಎತ್ತುವುದಿಲ್ಲ. "ಚಹಾ ಆತೇನಪಾ?" ಅನ್ನಿ, ಉಳಿದದ್ದು ತಾನೇ ಹೇಳುತ್ತಾನೆ. ಪಗಾರದ ಮಾತು ಬೇಡವೇ ಬೇಡ. ರಾತ್ರಿ ಕುಡಿದು ಮಲಗಿದವನನ್ನು ನಾನು ದನಿಯಲ್ಲೇ ಹಿಡಿಯುತ್ತೇನೆ. ಹೇಗೆ ಅಂತ ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.

ಪೆಟ್ರೋಲಿಗೆ ತಿಂಗಳಿಗೆ 800-1,000. "ಇದೇನು ಧರ್ಮಶಾಲೆ ಏನ್ರಿ?" ಅಂತ ಮಾಲಕರು ನಾಲ್ಕು ತಿಂಗಳು ಕೊಡಲಿಲ್ಲ. ನನ್ನ ಕಿಸೆಯಿಂದಲೇ ಹಾಕಿದೆ.

ನಡುವೆ ಒಂದು ಹುಚ್ಚು: ವರ್ಷವಿಡೀ ಖಾಡಾಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದೆ. ಅಮಾವಾಸ್ಯೆ, ಪಗಾರದ ಮರುದಿನ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ, ಜಡಿಮಳೆಯಲ್ಲಿ ಖಾನಾಪುರ ಕಡೆಯವರು. ಇವಕ್ಕೆ ಗಾಬರಿ ಬೇಡ. ಸಾದಾ ಮಂಗಳವಾರ, ಎಂದೂ ತಪ್ಪಿಸದವ ತಪ್ಪಿಸಿದರೆ ಮಾತ್ರ ನಾನು ಎಂಟೂವರೆ ಆಗಲಿ ಅಂತ ಗಡಿಯಾರ ನೋಡುತ್ತ ಕೂರುವುದಿಲ್ಲ.

ಹೋದ ಶ್ರಾವಣದಲ್ಲಿ ಆದದ್ದೂ ಅದೇ. ಉಸುಕಿನ ಅಚ್ಚು ಮಾಡುವ ನಮ್ಮ ಹಿರಿಯ ಮೋಲ್ಡರ್ ಕಾಕಾ, ಸಕ್ಕರೆ ಕಾಯಿಲೆ, ಒಬ್ಬರೇ ಇರುವವರು. 16 ವರ್ಷದಲ್ಲಿ ಹೇಳದೇ ಒಂದು ಖಾಡಾ ಇಲ್ಲ. ಎಂಟೂಕಾಲಿಗೇ ಖೋಲಿ ಮಾಲಕರಿಗೆ ಫೋನ್ ಹಚ್ಚಿದೆ. "ಒಳಗ ಫೋನ್ ಬಾರಿಸಾಕತ್ತೈತ್ರಿ, ಚಿಲಕಾ ಹಾಕೈತಿ" ಅಂದರು. ಮುರೀರಿ ಅಂದೆ. ಬೆವರಲ್ಲಿ ತೊಯ್ದಿದ್ದರು, ಎಚ್ಚರವಿಲ್ಲ. ಯಾರೋ ಬಾಯಿಗೆ ಸಕ್ಕರೆ ನೀರು ಬಿಡಲು ಹೋದರಂತೆ, ಫೋನಿನಲ್ಲೇ ಬೈದೆ. ಎಚ್ಚರ ಇಲ್ಲದವರಿಗೆ ಕುಡಿಸಿದರೆ ಉಸಿರಿನ ದಾರಿಗೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ ಅಂತ ಹೇಳಿ 108 ಕರೆಸಿದೆ. ಸಕ್ಕರೆ 30ರ ಆಸುಪಾಸಿಗೆ ಇಳಿದಿತ್ತಂತೆ. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಕಾಯಿಲೆಯ ರಜೆಯ ಸರ್ಟಿಫಿಕೇಟ್ ಅಂದಿನಿಂದಲೇ ಸಿಕ್ಕಿತು, ಇಎಸ್‌ಐದಿಂದ (ಕಾರ್ಮಿಕರ ಸರಕಾರಿ ವಿಮೆ) ಪಗಾರದ 70 ಪ್ರತಿಶತವೂ ಬಂತು.

ಕಾಕಾ ಮರಳಿ ಬಂದ ದಿನ ಮೊದಲು ಕೇಳಿದ್ದು, "ನನ್ನ ಚಿಲಕದ ರೊಕ್ಕಾ ಯಾರು ಕೊಡ್ತೀರಪಾ?" 180 ರೂಪಾಯಿ, ಫೌಂಡ್ರಿ ಮಾಲಕರು ಕೊಟ್ಟರು. ನನ್ನ ನಾಲ್ಕು ತಿಂಗಳ ಪೆಟ್ರೋಲು ಇನ್ನೂ ಬಾಕಿ.