ಬೆಕ್ಕಿನ ಊಟ, ಬೆಕ್ಕಿನ ಬುಟ್ಟಿ

ಬಟ್ಟಲ ತುಂಬ ಹಾಲು, ಅದರಾಗ ಕಿವುಚಿದ ರೊಟ್ಟಿ, ಮುಗೀತು. ನಮ್ಮ ಓಣ್ಯಾಗ ಬೆಕ್ಕು ಸಾಕಿದ ಹುಡುಗ್ರದ್ದೆಲ್ಲಾ ಇದ ಹಾಡು. ಕೇಳಿದ್ರ "ನಿಮ್ಮ ಕಾಲದಾಗ ಹಿಂಗ ಹಾಕತಿದ್ರಲ್ಲ ಆಯಿ" ಅಂತಾರ.

ಹಾಕತಿದ್ವಿ, ಖರೆ. ಗದಗದ ಕಡೆ ನನ್ನ ತವರಮನಿ. ಅಂಗಳದಾಗ ಜ್ವಾಳದ ಹಗೇವು, ಅಟ್ಟದ ಮ್ಯಾಲೆ ಕಡ್ಲಿ ಚೀಲ, ಇಲಿಗೇನು ಬರ ಇರಲಿಲ್ಲ. ಬೆಕ್ಕು ರಾತ್ರಿ ತನ್ನ ಹೊಟ್ಟಿ ತಾನ ತುಂಬಿಸ್ಕೊಂಡು, ಮುಂಜಾನೆ ಅವ್ವ ಹಾಲು ಹಿಂಡೂಮುಂದ ಬಂದು ಕುಂದರ್ತಿತ್ತು. ಆ ಹಾಲು ಬಾಯಿರುಚಿಗಷ್ಟ. ಧಾರವಾಡದಾಗ ಮೂರನೇ ಮಜಲಿನ ಮನ್ಯಾಗ ಬಾಗಲಾ ಹಾಕಿ ಕೂಡಿಸಿದ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕ್ರಿ? ಬೆಕ್ಕು ಮಾಂಸದ ಮ್ಯಾಲೆ ಬದುಕೂ ಪ್ರಾಣಿ. ಟಾರಿನ್ ಅನ್ನೂ ಒಂದು ಪೋಷಕಾಂಶ ಅದಕ್ಕ ಬೇಕ ಬೇಕು. ಅದು ಇರೂದು ಮಾಂಸ-ಮೀನದಾಗ, ರೊಟ್ಟ್ಯಾಗ ಅಲ್ಲ. ಅದು ಸಿಗಲಿಲ್ಲಂದ್ರ ಬರಬರತಾ ಕಣ್ಣು ಹೋಗತಾವು, ಹೃದಯ ಸೋಲತೈತಿ. ಹಾಲಂತೂ ಬೆಳದ ಬೆಕ್ಕಿಗೆ ಭಾಳ ಸಲ ಅರಗೂದಿಲ್ಲ, ಜುಲಾಬು ಹತ್ತತೈತಿ.

ನಮ್ಮ ಅಡಗಿಮನ್ಯಾಗ ಮಾಂಸ ಮಾಡೂದಿಲ್ಲ ಅಂದ್ರ ಬ್ಯಾಡ, ಬೆಕ್ಕಿಂದೇ ಅಂತ ಬರೂ ಪೂರ್ತಿ ಆಹಾರದ ಪಾಕೀಟು ತರ್ರಿ. ಸೋವಿ ಐತೆಂತ ನಾಯಿದು ತರಬ್ಯಾಡ್ರಿ. ಮ್ಯಾಲೆ ಒಂದಿಷ್ಟು ಬೇಯಿಸಿದ ಕೋಳಿನೋ ತತ್ತಿನೋ ಕೊಡೂದಾದ್ರ ಉಪ್ಪು ಹಾಕದ, ಎಲುಬು ತಗದು ಕೊಡ್ರಿ. ಬೇಯಿಸಿದ ಎಲುಬು ಸಿಬರ ಸಿಬರಾಗಿ ಒಳಗ ಚುಚ್ಚತೈತಿ. ಮತ್ತ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರಿನ ಅನ್ನ ಮಾತ್ರ ಬಿಲ್‌ಕುಲ್ ಬ್ಯಾಡ. ಬೆಂದಿದ್ರೂ ಅಷ್ಟ, ಪುಡಿ ಆಗಿದ್ರೂ ಅಷ್ಟ, ಬೆಕ್ಕಿನ ರಕ್ತದ ಕೆಂಪು ಕಣ ಒಡಿತಾವು.

ಇನ್ನ ದವಾಖಾನಿ. ಬೆಕ್ಕು ಹಿಡಿಯಾಕ ಮನಿಮಂದಿಯೆಲ್ಲಾ ಓಡಾಡಿ, ಪಲಂಗದ ಕೆಳಗಿಂದ ಕಾಲು ಹಿಡಿದು ಎಳದು, ಚೀಲದಾಗ ತುರುಕಿ ಒಯ್ಯತಾರ. ಆಮ್ಯಾಲೆ "ಡಾಕ್ಟರಿಗೆ ಬೆಕ್ಕು ಹಿಡಿಯಾಕ ಬರೂದಿಲ್ಲ" ಅಂತ ಅವರ ಮ್ಯಾಲೆ ಸಿಟ್ಟು. ಅಷ್ಟು ಹೆದರಿಸಿ ಒಯ್ದ ಬೆಕ್ಕು ಯಾರನ್ನರ ಬಿಟ್ಟೀತೇನು?

ನಾ ಹೇಳೂದು ಕೇಳ್ರಿ. ಮೇದಾರರ ಕಡೆ ಒತ್ತಾಗಿ ಹೆಣದ, ಮುಚ್ಚಳ ಇದ್ದ ಬಿದರಿನ ಬುಟ್ಟಿ ತರ್ರಿ. ಬೆಕ್ಕು ಒಳಗ ಹೊಳ್ಳಿ ಮಲಗೂವಷ್ಟು ಅಗಲ ಇರಲಿ. ಸಿಬರ ಎದ್ದಲ್ಲಿ ಕಲ್ಲಿಗೆ ತಿಕ್ಕಿ ನುಣ್ಣಗ ಮಾಡ್ರಿ. ಅದನ್ನ ಅಟ್ಟದ ಮ್ಯಾಲೆ ಇಡಬ್ಯಾಡ್ರಿ, ಬೆಕ್ಕು ಮಲಗೂ ಮೂಲ್ಯಾಗ ಮುಚ್ಚಳ ತಗದು ಇಡ್ರಿ. ಒಳಗ ಹಾಸಾಕ ಉಟ್ಟು ಮೆತ್ತಗಾದ ನೂಲಿನ ಸೀರಿ. ಟ್ರಂಕಿನ್ಯಾಗ ನುಸಿಗುಳಿಗಿ ಜೋಡಿ ಇಟ್ಟಿದ್ದಾದ್ರ ಬ್ಯಾಡ, ಅದು ಬೆಕ್ಕಿಗೆ ವಿಷ. ಹಾಸೂ ಮುಂಚೆ ಆ ಸೀರಿ ತುದಿಯಿಂದ ಬೆಕ್ಕಿನ ಗಲ್ಲ ಸವರ್ರಿ. ತನ್ನ ವಾಸನಿ ಇದ್ದಲ್ಲಿ ಅದು ಧೈರ್ಯದಿಂದ ಕುಂದರತೈತಿ. ಊಟದ ಬಟ್ಟಲ ಮೊದಲ ಬುಟ್ಟಿ ಬಾಜೂಕ ಇಡ್ರಿ, ಆಮ್ಯಾಲೆ ಅಂಚಿನ್ಯಾಗ, ಆಮ್ಯಾಲೆ ಒಳಗ. ಒಳಗ ಕುಂತು ಉಣ್ಣಾಕ ಹತ್ತಿತಂದ್ರ ಮುಚ್ಚಳ ಅರ್ಧ ಮುಚ್ಚ್ರಿ, ಮರದಿನ ಪೂರ್ತಿ. ಒಂದಿನ ಎತ್ತಿಕೊಂಡು ತಲಬಾಗಲತನಕ ಹೋಗಿ ಬಂದು, ಮುಚ್ಚಳ ತಗದು ಏನರ ರುಚಿದು ತಿನ್ನಾಕ ಕೊಡ್ರಿ. ಅವಸರ ಮಾಡಿದ್ರೋ, ಮತ್ತ ಮೊದಲಿಂದ. ಹೋಗೂ ದಿವಸ ಬುಟ್ಟಿ ಮ್ಯಾಲೆ ಅರಿವಿ ಹೊದಿಸ್ರಿ, ಆಟೋದಾಗ ತೊಡಿ ಮ್ಯಾಲೆ ಇಟ್ಕೊಳ್ರಿ. ದವಾಖಾನ್ಯಾಗ ನೆಲಕ್ಕ ಇಡಬ್ಯಾಡ್ರಿ, ನಾಯಿ ಬಂದು ಮೂಸತಾವು. ಒಳಗ ಹೋದ ಮ್ಯಾಲೂ ಎಳದು ತಗಿಬ್ಯಾಡ್ರಿ, ಮುಚ್ಚಳ ತಗದು ಬುಟ್ಟ್ಯಾಗ ಇದ್ದಂಗನ ನೋಡ್ರಿ ಅಂತ ಡಾಕ್ಟರಿಗೆ ಕೇಳ್ರಿ.

ನಮ್ಮ ಕಡೆ ಸರಕಾರಿ ಪಶು ದವಾಖಾನಿಗೆ ಆಕಳ, ಎಮ್ಮಿ, ಕುರಿ ಹೆಚ್ಚಿಗಿ ಬರತಾವು. ಹೋಗೂ ಮುಂಚೆ ಬೆಕ್ಕು ನೋಡತೀರೇನು ಅಂತ ಕೇಳ್ರಿ, ನಾಚಿಗಿ ಏನೈತಿ ಅದರಾಗ? ಏನು ತಿಂದೈತಿ, ಯಾವಾಗಿಂದ ಬಿಟ್ಟೈತಿ, ಉಚ್ಚಿ ಹೆಂಗ ಹೊಯ್ಯತೈತಿ, ಒಂದು ಚೀಟ್ಯಾಗ ಬರಕೊಂಡು ಹೋಗ್ರಿ. ಮನ್ಯಾಗ ಏನರ ಔಷಧ ಹಾಕಿದ್ರ ಮುಚ್ಚಿಡಬ್ಯಾಡ್ರಿ. ಜ್ವರಕ್ಕಂತ ನಾವು ನುಂಗೂ ಪ್ಯಾರಾಸಿಟಮಾಲ್ ಒಂದ ಗುಳಿಗಿ ಸಾಕು ಬೆಕ್ಕಿನ ಜೀವ ತಗಿಯಾಕ. ಡಾಕ್ಟರು ಕೊಟ್ಟ ಔಷಧದ ಹೆಸರು, ಎಷ್ಟು ದಿವಸ ಅನ್ನೂದು ಬರಸ್ಕೊಳ್ರಿ, ತೂಕ ಮಾಡಸ್ರಿ.

ಲಸಿಕಿ ಮರಿಗೆ 8 ವಾರ ಆದ ಮ್ಯಾಲೆ ಶುರು, ಹುಚ್ಚುನಾಯಿ ರೋಗದ್ದು 3 ತಿಂಗಳಿಗೆ. ಗಂಡಬೆಕ್ಕು ಮತ್ತ ಮತ್ತ ಕುಂತು ತಿಣಕಿದ್ರೂ ಉಚ್ಚಿ ಬರವಲ್ದು ಅಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಆಗಿಂದಾಗ ಒಯ್ರಿ. ಎರಡು ದಿವಸ ಊಟ ಬಿಟ್ಟ ಬೆಕ್ಕಿಗೆ ಯಕೃತ್ತಿನ್ಯಾಗ ಕೊಬ್ಬು ಕೂಡತೈತಿ, ಮೈ ಬಂದ ಬೆಕ್ಕಿಗಂತೂ ಜಲ್ದಿ. ಅದಕ್ಕ ಉಪವಾಸ ಬಿಟ್ಟು ನೋಡೂದು ಬ್ಯಾಡ.

ಮನ್ಯಾಗ ಇನ್ನೊಂದು ಬೆಕ್ಕಿದ್ರ ದವಾಖಾನಿ ವಾಸನಿಗೆ ಬಂದದ್ದರ ಮ್ಯಾಲೆ ಗುರ್ ಅಂತೈತಿ. ಅದಕ್ಕ ಬೈಬ್ಯಾಡ್ರಿ. ಮನ್ಯಾಗಿದ್ದ ಬೆಕ್ಕು ಮಲಗೂ ಅರಿವಿಯಿಂದ ಬಂದ ಬೆಕ್ಕಿನ ಮೈ ಒರಸಿ, ಒಂದು ರಾತ್ರಿ ಬ್ಯಾರೆ ಖೋಲ್ಯಾಗ ಇಡ್ರಿ. ಬುಟ್ಟಿ ಮಾತ್ರ ಅದ ಮೂಲ್ಯಾಗ ಇರಲಿ, ರಾತ್ರಿ ಊಟ ಅದರಾಗನ ಹಾಕ್ರಿ.