ಉಣ್ಣೆಯ ತೂತಿಗೆ ಉಣ್ಣೆಯದೇ ತೇಪೆ

ನುಸಿ ತಿಂದ ಸ್ವೆಟರನ್ನು ಯಾರಾದರೂ ಕೈಗೆ ಕೊಟ್ಟರೆ ನಾನು ಮೊದಲು ಬೆಂಕಿಕಡ್ಡಿ ಹುಡುಕುತ್ತೇನೆ. ಒಳಹೊಲಿಗೆಯ ಬಳಿ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿಯೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಎಂಬ ಕೃತಕ ನೂಲು. ಬೆಂಗಳೂರಿನಲ್ಲಿ ವುಲನ್ ಎಂದು ಹೇಳಿ ಮಾರುವ ಬಟ್ಟೆಗಳಲ್ಲಿ ಎಷ್ಟೋ ಹೀಗೆ ಮಣಿಯಾಗುತ್ತವೆ. ನುಸಿಯನ್ನು ಮಾತ್ರ ಹಾಗೆ ಏಮಾರಿಸಲಾಗದು. ಅದರ ಮರಿಹುಳುವಿಗೆ ಬೇಕಾದದ್ದು ಉಣ್ಣೆ, ಕೂದಲು, ಗರಿಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್.

ಪರೀಕ್ಷೆಯಲ್ಲಿ ಗೆದ್ದ ಸ್ವೆಟರ್ ಪ್ಲಾಸ್ಟಿಕ್ ಚೀಲ ಸೇರಿ ಒಂದು ವಾರ ಫ್ರೀಜರಿನಲ್ಲಿರುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ಮೊಟ್ಟೆಗಳು ಒಳಗಿದ್ದರೆ ತೇಪೆಯೇ ಅವುಗಳ ಮುಂದಿನ ಊಟವಾಗುತ್ತದೆ. ಆಮೇಲೆ ಒಗೆತ. ಬೆವರು, ಸಾರಿನ ಕಲೆ ಇರುವ ಜಾಗವೆಂದರೆ ನುಸಿಗೆ ಇನ್ನೂ ಇಷ್ಟ.

ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡರೆ ಆ ಹುರುಪೆಗಳು ಅವನ್ನು ಹಿಂದಕ್ಕೆ ಸರಿಯಲು ಬಿಡುವುದಿಲ್ಲ. ಬಿಸಿನೀರು, ಸಾಬೂನು, ತಿಕ್ಕಾಟ ಸೇರಿದಾಗ ಸ್ವೆಟರ್ ಕುಗ್ಗಿ ಮಗುವಿನ ಅಂಗಿಯಾಗುವುದು ಇದರಿಂದಲೇ. ನಾನು ಮಾಡುವುದೂ ಅದನ್ನೇ, ಆದರೆ ನೀರಿಲ್ಲದೆ, ಸೂಜಿಯಿಂದ ಚುಚ್ಚಿ, ಬೇಕಾದಷ್ಟೇ ಜಾಗದಲ್ಲಿ. ಉಣ್ಣೆಯ ಎಳೆಗಳನ್ನು ಹೀಗೆ ಒಂದರೊಳಗೊಂದು ಸಿಕ್ಕಿಸಿ ಗಟ್ಟಿ ಮಾಡುವುದಕ್ಕೆ ಫೆಲ್ಟಿಂಗ್ ಎನ್ನುತ್ತಾರೆ. ಫೆಲ್ಟಿಂಗ್ ಸೂಜಿಗೆ ಕಣ್ಣಿಲ್ಲ, ದಾರವೂ ಇಲ್ಲ. ಅದರ ಅಂಚಿನ ಕಚ್ಚುಗಳು ಕೆಳಗೆ ಇಳಿಯುವಾಗ ಎಳೆಗಳನ್ನು ಒಯ್ಯುತ್ತವೆ, ಮೇಲೆ ಬರುವಾಗ ಅಲ್ಲೇ ಬಿಟ್ಟುಬರುತ್ತವೆ. ಕಾರ್ಖಾನೆಯ ಯಂತ್ರಗಳಲ್ಲಿದ್ದ ಈ ಸೂಜಿಯನ್ನು 1980ರ ದಶಕದಲ್ಲಿ ಅಮೆರಿಕದ ಎಲೀನರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ದಂಪತಿ ಕೈಕೆಲಸಕ್ಕೆ ಬಳಸತೊಡಗಿದರು. ಅಳತೆಯ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು: ಸ್ವೆಟರಿಗೆ 38, ನಯವಾದ ಹೆಣಿಗೆಗೆ 40, ಕಂಬಳಿಗೆ 36.

ಚುಚ್ಚುವಾಗ ಬಟ್ಟೆಯ ಕೆಳಗೆ ಸ್ಪಂಜು ಇಡುವವರೇ ಹೆಚ್ಚು. ನನಗೆ ಗೋಣಿತಾಟಿನಲ್ಲಿ ಹೊಲಿದು ಅಕ್ಕಿ ತುಂಬಿದ ಚೀಲವೇ ಹಿತ. ಸ್ಪಂಜಿನಂತೆ ಅದು ಚೂರುಚೂರಾಗಿ ಉದುರುವುದಿಲ್ಲ.

ತೂತು ಕಂಡ ತಕ್ಷಣ ಉಣ್ಣೆ ತುಂಬಲು ಹೋಗಬಾರದು. ಹೆಣಿಗೆಯಲ್ಲಿ ಒಂದು ಎಳೆ ಕಡಿದರೆ ಕುಣಿಕೆಗಳು ಸಾಲಾಗಿ ಬಿಚ್ಚುತ್ತಾ ಹೋಗುತ್ತವೆ. ಬಾಯಿ ತೆರೆದ ಪ್ರತಿ ಕುಣಿಕೆಯಲ್ಲೂ ಅದೇ ಬಣ್ಣದ ಉಣ್ಣೆಯ ದಾರವನ್ನು ಹಾಯಿಸಿ, ಬಿಗಿಯದೆ, ಸುಮ್ಮನೆ ಹಿಡಿದು ನಿಲ್ಲಿಸುತ್ತೇನೆ. ಬೇಸರದ ಕೆಲಸ, ಆದರೆ ತೇಪೆಯ ಆಯುಷ್ಯವೆಲ್ಲ ಇದರಲ್ಲೇ ಇದೆ.

ಬಣ್ಣ ಹೊಂದಿಸುವುದು ಮಾತ್ರ ನನಗೆ ಬಲು ಇಷ್ಟ. ಬೂದು ಸ್ವೆಟರಿನಲ್ಲಿ ಬೂದು ಬಣ್ಣವೊಂದೇ ಇರುವುದಿಲ್ಲ. ಹಗಲು ಬೆಳಕಿನಲ್ಲಿ ನೋಡಿದರೆ ಬಿಳಿ, ಕಪ್ಪು, ಕೆಲವೊಮ್ಮೆ ಒಂದಿಷ್ಟು ನೀಲಿಯೂ ಕಾಣುತ್ತದೆ. ಮೆರಿನೊ ತಳಿಯ ಕುರಿಯ ಬಾಚಿದ, ನಯವಾದ ಉಣ್ಣೆಯ ಎರಡು ಮೂರು ಬಣ್ಣಗಳನ್ನು ನಾಯಿಯ ಕೂದಲು ಬಾಚುವ ತಂತಿಬ್ರಷ್ಷುಗಳ ನಡುವೆ ಇಟ್ಟು ಎಳೆದೆಳೆದು ಬೆರೆಸುತ್ತೇನೆ. ಇದಕ್ಕೆಂದೇ ಮಾರುವ ಉಪಕರಣದ ಬೆಲೆ ನೋಡಿದವರಿಗೆ ನನ್ನ ಬ್ರಷ್ಷು ಏಕೆಂದು ತಿಳಿಯುತ್ತದೆ.

ಆ ಮಿಶ್ರಣದಿಂದ ಆಚೆಯ ಬೆಳಕು ಕಾಣುವಷ್ಟು ತೆಳುವಾದ ಪದರವನ್ನು ಕಿತ್ತು, ತೂತಿನ ಅಂಚಿನಿಂದ ಸುತ್ತಲೂ ಅರ್ಧ ಸೆಂಟಿಮೀಟರ್ ಹೊರಚಾಚುವಂತೆ ಒಳಮೈ ಮೇಲೆ ಹಾಸುತ್ತೇನೆ. ಚುಚ್ಚಿದ ಮೇಲೆ ಇನ್ನೊಂದು ಪದರ, ಮೊದಲಿನದಕ್ಕೆ ಅಡ್ಡಲಾಗಿ. ಒಂದೇ ಸಲ ದಪ್ಪಗೆ ಹಾಕಿದರೆ ಗಂಟು ನಿಲ್ಲುತ್ತದೆ. ಸೂಜಿ ಇಳಿದ ದಾರಿಯಲ್ಲೇ ಮೇಲೆ ಬರಬೇಕು, ಓರೆಯಾಯಿತೋ ಮುರಿಯಿತು. ಆಗಾಗ ಬಟ್ಟೆಯನ್ನು ಎತ್ತಿ ಬಿಡಿಸಬೇಕು, ಇಲ್ಲದಿದ್ದರೆ ಅದು ಅಡಿಯ ಗೋಣಿಗೇ ಅಂಟುತ್ತದೆ. ಕೊನೆಗೆ ಮಗುಚಿ, ಹೊರಮೈಯಿಂದ ಹಗುರವಾಗಿ ಕೆಲವು ಚುಚ್ಚು. ಒದ್ದೆ ಬಟ್ಟೆ ಹಾಸಿ ಇಸ್ತ್ರಿಯ ಹಬೆ ಕೊಟ್ಟರೆ ತೇಪೆ ಕೂರುತ್ತದೆ. ಚುಚ್ಚುವಾಗ ಟಿ.ವಿ. ನೋಡಬಾರದು. ಈ ಸೂಜಿ ಬೆರಳಿಗೆ ಹೊಕ್ಕರೆ ಹೊಲಿಗೆಯ ಸೂಜಿಗಿಂತ ಕೆಟ್ಟದಾಗಿ ನೋಯಿಸುತ್ತದೆ.

ಕರಿಕಂಬಳಿಗೆ ಈ ಲೆಕ್ಕ ನಡೆಯುವುದಿಲ್ಲ. ಡೆಕ್ಕನಿ ಕುರಿಯ ಉಣ್ಣೆ ಒರಟು, ಅದರಲ್ಲಿ ಕೂದಲಿನಂಥ ಎಳೆಗಳೇ ಹೆಚ್ಚು. ಮೆರಿನೊದಷ್ಟು ಬೇಗ ಅದು ಹೆಣೆದುಕೊಳ್ಳುವುದಿಲ್ಲ. ಕಂಬಳಿಯ ಮೇಲೆ ಮೆರಿನೊ ತೇಪೆ ಹಾಕಿದರೆ ಮೆತ್ತಗೆ, ಬೇರೆಯಾಗಿಯೇ ಎದ್ದು ಕಾಣುತ್ತದೆ. ಅದಕ್ಕಾಗಿ ಚಳ್ಳಕೆರೆ ಕಡೆಯ ಕುರಿಗಾರರೊಬ್ಬರಲ್ಲಿ ಆಗ ತಾನೇ ಕತ್ತರಿಸಿದ ಉಣ್ಣೆ ಕೇಳಿದೆ. ಅವರು ನನ್ನ ಕೈಚೀಲ ನೋಡಿ, "ಇಷ್ಟರಲ್ಲಿ ಏನು ನೇಯುತ್ತೀರಿ ಅಕ್ಕ?" ಎಂದು ನಕ್ಕರು. ಆ ಚೀಲದ ಉಣ್ಣೆ ಇನ್ನೂ ಮುಗಿದಿಲ್ಲ. ಕರಿ ಉಣ್ಣೆಯ ತುದಿ ಬಿಸಿಲಿಗೆ ಕಂದಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಬುಡ ಕಪ್ಪಾಗಿಯೇ ಇರುತ್ತದೆ. ಹಳೆಯ, ಮಾಸಿದ ಕಂಬಳಿಗೆ ತುದಿಯ ಉಣ್ಣೆ, ಹೊಸದಕ್ಕೆ ಬುಡದ್ದು. ಬಣ್ಣ ಹಾಕುವ ಪ್ರಮೇಯವೇ ಇಲ್ಲ. ತೂತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ ಮೊದಲು ಉಣ್ಣೆ ನೂಲಿನಿಂದ ಹಾಸುಹೊಕ್ಕು ಹಾಕಿ ಜಾಲರಿ ಮಾಡುತ್ತೇನೆ, ಆಮೇಲೆ ಅದರ ಮೇಲೆ ಉಣ್ಣೆ ಚುಚ್ಚುತ್ತೇನೆ. ಬರೀ ಉಣ್ಣೆಯ ತೇಪೆ ಅಷ್ಟು ಅಗಲಕ್ಕೆ ಜೋತುಬೀಳುತ್ತದೆ. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಹೊಸ ಕಂಬಳಿ ಬಿರುಸು, ಅದರಲ್ಲಿ ನಿಧಾನವಾಗಿ ಚುಚ್ಚಬೇಕು.

ತೇಪೆ ಹಾಕಿದ್ದನ್ನು ಅಂಟವಾಳದ ನೊರೆಯಲ್ಲಿ, ತಣ್ಣೀರಿನಲ್ಲಿ ಅದ್ದಿ ತೆಗೆದು, ನೆರಳಲ್ಲಿ ಹರಡಿ ಒಣಗಿಸಲು ಹೇಳಿ ಕಳಿಸುತ್ತೇನೆ.

ಮೊಣಕೈ ಸವೆದ ಸ್ವೆಟರುಗಳನ್ನು ನಾನು ಹೀಗೆ ರಿಪೇರಿ ಮಾಡುವುದಿಲ್ಲ. ಹೆಣಿಗೆ ಹಿಗ್ಗುತ್ತದೆ, ಚುಚ್ಚಿ ಗಟ್ಟಿಮಾಡಿದ ಉಣ್ಣೆ, ಅಂದರೆ ಫೆಲ್ಟ್, ಹಿಗ್ಗುವುದಿಲ್ಲ, ಕೈ ಮಡಿಸಿದಾಗ ಅಂಚು ಕೀಳುತ್ತದೆ. ಸೂಪರ್‌ವಾಶ್ ಎಂದು ಬರೆದ ಉಣ್ಣೆಯಲ್ಲಿ ಹುರುಪೆಗಳನ್ನು ಮೊದಲೇ ನಯಮಾಡಿರುತ್ತಾರೆ, ತೇಪೆಗೆ ಹಿಡಿತ ಸಾಲದು. ಪಶ್ಮಿನಾ ಶಾಲು ತಂದವರಿಗಂತೂ ನೇರವಾಗಿ ಬೇಡವೆನ್ನುತ್ತೇನೆ. ಆ ನೇಯ್ಗೆಗೆ ಎಳೆಗೆ ಎಳೆ ಕೂಡಿಸುವ ರಫೂಗಾರರೇ ಬೇಕು. ಉತ್ತರ ಪ್ರದೇಶದ ನಜೀಬಾಬಾದ್ ಆ ಕಸುಬಿಗೆ ಹೆಸರಾದ ಊರು. ಚಳಿಗಾಲದಲ್ಲಿ ಬೆಂಗಳೂರಿಗೆ ಬರುವ ಕಾಶ್ಮೀರಿ ಶಾಲು ವ್ಯಾಪಾರಿಗಳನ್ನು ವಿಚಾರಿಸಿದರೆ ಯಾರಾದರೂ ರಫೂಗಾರರ ದಾರಿ ತೋರಿಸುತ್ತಾರೆ.