ಹಳ್ಳಿಗಾಡಿನ ಕೌಂಟಿಯ ನೆಲ-ಜನ ಲೆಕ್ಕ ಓದುವ ಬಗೆ: ನೆಬ್ರಾಸ್ಕದ ಚೆರಿ ಕೌಂಟಿ ಇಟ್ಟುಕೊಂಡು

ಅಮೆರಿಕದ ನೆಬ್ರಾಸ್ಕ ರಾಜ್ಯದ ಚೆರಿ ಕೌಂಟಿಯ ವಿಸ್ತೀರ್ಣ ಸುಮಾರು 15,560 ಚದರ ಕಿಲೋಮೀಟರು. ಕರ್ನಾಟಕದ ಅತಿ ದೊಡ್ಡ ಜಿಲ್ಲೆ ಬೆಳಗಾವಿ 13,415 ಚದರ ಕಿಲೋಮೀಟರು, ಅಂದರೆ ಚೆರಿಗಿಂತ ಚಿಕ್ಕದು. ಬೆಳಗಾವಿಯಲ್ಲಿ 2011ರ ಜನಗಣತಿಯಂತೆ 47 ಲಕ್ಷಕ್ಕೂ ಹೆಚ್ಚು ಜನ. ಚೆರಿಯಲ್ಲಿ 2020ರಲ್ಲಿ ಸಿಕ್ಕವರು 5,455 ಮಂದಿ. ಇಂಥ ಜಾಗದ ಬಗ್ಗೆ ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ವಿಸ್ತೀರ್ಣ ಒಂದು ಸಾಲು, ಜನಸಂಖ್ಯೆ ಒಂದು ಸಾಲು ಬರೆದು ಮುಗಿಸುತ್ತಾರೆ. ಆ ಎರಡು ಸಾಲುಗಳನ್ನು ಒಂದಕ್ಕೊಂದು ಹೊಂದಿಸಿ ನೋಡದಿದ್ದರೆ ಓದುವವನಿಗೆ ಏನೂ ದಕ್ಕುವುದಿಲ್ಲ. ಹಳ್ಳಿಗಾಡಿನಲ್ಲಿ ಜನ ಎಷ್ಟಿದ್ದಾರೆ ಎಂಬುದಕ್ಕೆ ಉತ್ತರ ಇರುವುದು ನೆಲದಲ್ಲಿ. ಯಾವ ಕೌಂಟಿಗಾದರೂ ಹೊಂದುವ ಕ್ರಮವನ್ನು ಇಲ್ಲಿ ಚೆರಿಯ ಮೂಲಕ ತೋರಿಸಿದೆ.

ಗುರುತು ಮೊದಲು

ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ನಮ್ಮ ಜಿಲ್ಲೆಗೆ ಹತ್ತಿರ, ಆದರೆ ಜಿಲ್ಲಾಧಿಕಾರಿ ಇಲ್ಲ. ಆಡಳಿತ ಮಂಡಳಿಯನ್ನೂ ಶೆರಿಫನನ್ನೂ ಅಲ್ಲಿನ ಜನರೇ ಆರಿಸುತ್ತಾರೆ. ಅದಕ್ಕೇ 'ಜಿಲ್ಲೆ' ಎಂದು ಅನುವಾದಿಸದೆ 'ಕೌಂಟಿ' ಎಂದೇ ಬರೆಯುವುದು ಮೇಲು. ಕೌಂಟಿಯ ಕಚೇರಿಗಳಿರುವ ಊರನ್ನು 'ಕೌಂಟಿ ಕೇಂದ್ರ' ಎನ್ನಬಹುದು. ಚೆರಿಗೆ ಅದು ವ್ಯಾಲೆಂಟೈನ್.

ಒಂದೇ ಹೆಸರಿನ ಕೌಂಟಿಗಳು ಬೇಕಾದಷ್ಟಿವೆ. ವಾಷಿಂಗ್ಟನ್ ಕೌಂಟಿ ಎಂಬ ಹೆಸರು ಮೂವತ್ತರಷ್ಟು ರಾಜ್ಯಗಳಲ್ಲಿ ಸಿಗುತ್ತದೆ. ಆದ್ದರಿಂದ ಹೆಸರು ನಂಬಿ ಹುಡುಕಬೇಡಿ, ಅಮೆರಿಕದ ಸರ್ಕಾರ ಪ್ರತಿ ಕೌಂಟಿಗೂ ಕೊಟ್ಟಿರುವ ಐದಂಕಿಯ ಫಿಪ್ಸ್ ಸಂಕೇತ ಹಿಡಿಯಿರಿ. ಮೊದಲ ಎರಡು ಅಂಕಿ ರಾಜ್ಯದ್ದು, ಉಳಿದ ಮೂರು ಕೌಂಟಿಯದ್ದು. ಚೆರಿಯದ್ದು 31031. ನೆಬ್ರಾಸ್ಕದ ವಾಹನಗಳ ನಂಬರ್ ಪ್ಲೇಟಿನಲ್ಲಿ ಚೆರಿಗೆ 66 ಎಂದಿರುತ್ತದೆ. ಅದು ರಾಜ್ಯದೊಳಗಿನ ಬೇರೆಯೇ ಸಂಖ್ಯೆ, ಎರಡನ್ನೂ ಬೆರೆಸಬಾರದು.

ವಿಸ್ತೀರ್ಣದಲ್ಲಿ ಎರಡು ಅಂಕಿ

ಅಮೆರಿಕದ ಸೆನ್ಸಸ್ ಬ್ಯೂರೋ ಪ್ರತಿ ಕೌಂಟಿಗೂ ಒಣನೆಲ ಮತ್ತು ನೀರು ಎಂದು ಎರಡು ಅಳತೆ ಕೊಡುತ್ತದೆ. ಚೆರಿಯ ಒಟ್ಟು ಅಳತೆ 6,009 ಚದರ ಮೈಲಿ. ಅದರಲ್ಲಿ ನೆಲ ಸುಮಾರು 5,960, ನೀರು ಸುಮಾರು 49. ಜನಸಾಂದ್ರತೆ ಲೆಕ್ಕ ಹಾಕುವಾಗ ನೆಲದ ಅಂಕಿಯಿಂದ ಭಾಗಿಸಬೇಕು, ಒಟ್ಟು ಅಂಕಿಯಿಂದಲ್ಲ. ಚೆರಿಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗದು. ಆದರೆ ಮಿಷಿಗನ್ ರಾಜ್ಯದಲ್ಲಿ ದೊಡ್ಡ ಸರೋವರಗಳ ಅಂಚಿನ ಕೆಲವು ಕೌಂಟಿಗಳಲ್ಲಿ ನೆಲಕ್ಕಿಂತ ನೀರೇ ಹೆಚ್ಚು. ಅಲ್ಲಿ ಉತ್ತರ ಅರ್ಧಕ್ಕೂ ಕೆಳಗಿಳಿಯುತ್ತದೆ.

ಮೈಲಿಯಿಂದ ಕಿಲೋಮೀಟರಿಗೆ ಬದಲಿಸಲು ಚದರ ಮೈಲಿಯನ್ನು 2.59ರಿಂದ ಗುಣಿಸಿ. 1.6ರಿಂದ ಗುಣಿಸುವುದು ಪದೇ ಪದೇ ಕಾಣುವ ತಪ್ಪು. ಅದು ಉದ್ದದ ಅಳತೆಗೆ, ಹರವಿಗೆ ಅಲ್ಲ. ಇನ್ನೊಂದು ಸಮೀಕರಣವನ್ನೂ ನೆನಪಿಡಿ: 1 ಚದರ ಮೈಲಿ ಎಂದರೆ 640 ಎಕರೆ. ಚೆರಿಯ ಚರಿತ್ರೆಯೆಲ್ಲ ಈ 640ರ ಸುತ್ತಲೇ ತಿರುಗುತ್ತದೆ.

ನಕ್ಷೆ ಹರಡಿ ನೋಡುವುದು

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ 1:24,000 ಪ್ರಮಾಣದ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಚೌಕಗಳು. ನೆಬ್ರಾಸ್ಕದ ಸರ್ವೆ ಪದ್ಧತಿಯಲ್ಲಿ 6 ಮೈಲಿಗೆ 6 ಮೈಲಿಯ ತುಂಡು ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದೂ 1 ಚದರ ಮೈಲಿ. ಈಶಾನ್ಯ ಮೂಲೆಯಲ್ಲಿ 1 ಎಂದು ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗಿ, ಕೆಳಗಿಳಿದು 7ರಿಂದ ಪೂರ್ವಕ್ಕೆ ಮರಳುತ್ತದೆ. ಗದ್ದೆಯ ಅಂಚಿನಲ್ಲಿ ಎತ್ತು ತಿರುಗಿಸಿಕೊಂಡು ಉಳುತ್ತ ಬರುವ ಹಾಗೆ. 36 ಬರುವುದು ಆಗ್ನೇಯ ಮೂಲೆಯಲ್ಲಿ. ಹಳೆಯ ಜಮೀನು ದಾಖಲೆಯಲ್ಲಿ 'ಸೆಕ್ಷನ್ 14' ಎಂದಿದ್ದರೆ ಹೀಗೆ ಎಣಿಸಿ ಜಾಗ ಹಿಡಿಯಬಹುದು.

ಆಮೇಲೆ ಸಮೋನ್ನತ ರೇಖೆಗಳನ್ನು ನೋಡಿ. ಚೆರಿಯ ಬಹುಪಾಲು ನೆಲ ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬಗಳ ಸೀಮೆ. ಸುಮಾರು 50,000 ಚದರ ಕಿಲೋಮೀಟರು ಹಬ್ಬಿರುವ ಇದು ಪಶ್ಚಿಮ ಗೋಳಾರ್ಧದ ಅತಿ ದೊಡ್ಡ ಮರಳುದಿಬ್ಬಗಳ ಪ್ರದೇಶ. ಮರಳುಗಾಡು ಎಂದು ಬರೆದರೆ ತಪ್ಪು. ದಿಬ್ಬಗಳ ಮೇಲೆ ಹುಲ್ಲು ಬೇರು ಬಿಟ್ಟು ಮರಳನ್ನು ಕಟ್ಟಿ ಹಿಡಿದಿದೆ. ಕೆಲವು ದಿಬ್ಬಗಳು ನೂರು ಮೀಟರಿಗೂ ಎತ್ತರ, ಮೈಲಿಗಟ್ಟಲೆ ಉದ್ದ. ನಡುವಿನ ತಗ್ಗುಗಳಲ್ಲಿ ಕೆರೆಗಳು. ಇವು ನಮ್ಮ ಕೆರೆಗಳಂತೆ ಏರಿ ಕಟ್ಟಿ ನಿಲ್ಲಿಸಿದ ನೀರಲ್ಲ. ಕೆಳಗಿರುವ ಓಗಲಾಲಾ ಅಂತರ್ಜಲ ಪದರದ ಮಟ್ಟ ಅಲ್ಲಿ ನೆಲದ ಮೇಲಕ್ಕೇ ಬಂದು ಕಾಣುತ್ತದೆ, ಅಷ್ಟೆ.

ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರು, ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳ ಲೆಕ್ಕ. ಅಷ್ಟು ಕಮ್ಮಿ ಮಳೆಯಲ್ಲೂ ನಯೋಬ್ರಾರಾ, ಅದನ್ನು ಸೇರುವ ಸ್ನೇಕ್, ತೆಂಕಣ ಭಾಗದ ನಾರ್ತ್ ಲೂಪ್ ನದಿಗಳು ವರ್ಷವಿಡೀ ಹರಿಯುತ್ತವೆ. ಬಿದ್ದ ಮಳೆ ಹರಿದುಹೋಗದೆ ಮರಳಿನಲ್ಲಿ ಇಂಗಿ, ಊಟೆಯಾಗಿ ನಿಧಾನಕ್ಕೆ ಹೊರಬರುವುದೇ ಕಾರಣ. ಮಳೆಯ ಅಂಕಿಯೊಂದನ್ನೇ ಬರೆದು 'ಬರಡು ನೆಲ' ಎಂದುಬಿಡುವವರು ಈ ಒಂದು ವಿಷಯ ನೋಡಿಕೊಳ್ಳಬೇಕು.

ಮಣ್ಣಿಗೆ ಕೃಷಿ ಇಲಾಖೆಯ ಮಣ್ಣು ಸಮೀಕ್ಷೆಯ ನಕ್ಷೆ ತೆರೆಯಿರಿ. ಚೆರಿಯಲ್ಲಿ ಎಲ್ಲಿ ಬೆರಳಿಟ್ಟರೂ 'ವ್ಯಾಲೆಂಟೈನ್' ಎಂಬ ಮಣ್ಣು ಸಿಗುತ್ತದೆ. ಹೆಸರು ಆ ಊರಿನದೇ. ನಯವಾದ ಮರಳು, ನೀರು ನಿಲ್ಲದು, ನೇಗಿಲು ಹಾಕಿದರೆ ಗಾಳಿಗೆ ಹಾರುತ್ತದೆ. ಹುಲ್ಲು ಹರಿದ ಕಡೆ ಗಾಳಿ ಮರಳನ್ನು ಬಗೆದು ಗುಂಡಿ ಮಾಡುತ್ತದೆ, ಅಂಥ ಗುಂಡಿಗೆ ಅಲ್ಲಿಯವರು 'ಬ್ಲೋಔಟ್' ಎನ್ನುತ್ತಾರೆ.

ಇನ್ನು ಊರುಗಳು. ಚೆರಿಯಲ್ಲಿ ಸ್ಥಳೀಯ ಆಡಳಿತ ಇರುವ ಊರುಗಳು ಏಳೇ: ವುಡ್ ಲೇಕ್, ವ್ಯಾಲೆಂಟೈನ್, ಕ್ರುಕ್‌ಸ್ಟನ್, ಕಿಲ್ಗೋರ್, ನೆಂಜೆಲ್, ಕೋಡಿ, ಮೆರಿಮನ್. ನಕ್ಷೆಯಲ್ಲಿ ಇವುಗಳಿಗೆ ಚುಕ್ಕೆ ಇಟ್ಟರೆ ಏಳೂ ಉತ್ತರದ ಭಾಗದಲ್ಲಿ, 20ನೇ ಹೆದ್ದಾರಿಯ ಗುಂಟ, ದಾರಕ್ಕೆ ಪೋಣಿಸಿದ ಹಾಗೆ ಬರುತ್ತವೆ. 1880ರ ದಶಕದಲ್ಲಿ ಬಂದ ರೈಲುದಾರಿ ಹೋದದ್ದು ಅಲ್ಲೇ. ಅದರ ತೆಂಕಣಕ್ಕೆ ದಿಬ್ಬಗಳ ನಡುವೆ ಅಂಥ ಒಂದು ಊರೂ ಇಲ್ಲ. ಹೀಗೆ ಚುಕ್ಕೆ ಇಟ್ಟು ನೋಡುವ ಕೆಲಸಕ್ಕೆ ಹತ್ತು ನಿಮಿಷ ಸಾಕು.

ಜನಸಂಖ್ಯೆ: ಒಂದು ಅಂಕಿ ಸಾಲದು, ಸಾಲು ಬೇಕು

ಹತ್ತು ವರ್ಷಕ್ಕೊಮ್ಮೆಯ ಗಣತಿಯ ಅಂಕಿಗಳನ್ನು ಮೊದಲಿನಿಂದ ಬರೆದುಕೊಳ್ಳಿ. ಚೆರಿಯದ್ದು ಹೀಗಿದೆ:

1890 – 6,428
1900 – 6,541
1910 – 10,414
1920 – 11,753
1930 – 10,898
1940 – 9,637
1950 – 8,397
1960 – 8,218
1970 – 6,846
1980 – 6,758
1990 – 6,307
2000 – 6,148
2010 – 5,713
2020 – 5,455

ಪ್ರತಿ ಸಾಲಿಗೂ ಹಿಂದಿನದಕ್ಕೆ ಹೋಲಿಸಿ ಶೇಕಡಾ ಏರಿಳಿತ ಹಾಕಿ. ಹೊಸ ಅಂಕಿಯಲ್ಲಿ ಹಳೆಯದನ್ನು ಕಳೆದು, ಹಳೆಯದರಿಂದ ಭಾಗಿಸಿ, ನೂರರಿಂದ ಗುಣಿಸಿದರಾಯಿತು. ಎರಡು ಕಡೆ ಅಂಕಿ ದೊಡ್ಡದಾಗಿ ಎದ್ದು ಕಾಣುತ್ತದೆ: 1900ರಿಂದ 1910ಕ್ಕೆ ಶೇ. 59ರ ಏರಿಕೆ, 1960ರಿಂದ 1970ಕ್ಕೆ ಸುಮಾರು ಶೇ. 17ರ ಇಳಿಕೆ. ಕಾರಣ ಹುಡುಕಬೇಕಾದದ್ದು ಇಂಥ ಕಡೆ, ಶೇ. 2-3ರ ಏರಿಳಿತಗಳಿಗಲ್ಲ.

ಮೊದಲ ಏರಿಕೆಗೆ ಕಾರಣ ಕಾನೂನು. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಮನೆತನಕ್ಕೆ 160 ಎಕರೆ ಸರ್ಕಾರಿ ಜಮೀನು ಕೊಡುತ್ತಿತ್ತು. ಮರಳುದಿಬ್ಬದಲ್ಲಿ 160 ಎಕರೆ ಯಾತಕ್ಕೂ ಸಾಲದು. 1904ರಲ್ಲಿ ಕಿಂಕೇಡ್ ಕಾಯ್ದೆ ಬಂದು ಪಶ್ಚಿಮ ನೆಬ್ರಾಸ್ಕದಲ್ಲಿ ಅದನ್ನು 640 ಎಕರೆಗೆ, ಅಂದರೆ ಸರಿಯಾಗಿ ಒಂದು ಸೆಕ್ಷನ್ನಿಗೆ ಏರಿಸಿತು. ಜನ ನುಗ್ಗಿ ಬಂದರು. ನಾರ್ತ್ ಲೂಪ್ ನದಿಯ ಬಳಿ ಡಿವಿಟಿ ಎಂಬ ಕಪ್ಪು ಅಮೆರಿಕನ್ನರ ರೈತ ನೆಲೆಯೂ ಎದ್ದದ್ದು ಆಗಲೇ. ಕೆಲವು ದಶಕಗಳಲ್ಲಿ ಅದು ಖಾಲಿಯಾಯಿತು.

ಏಕೆ ಖಾಲಿಯಾಯಿತು ಎಂಬುದಕ್ಕೆ ಒಂದು ಭಾಗಾಕಾರ ಮಾಡಿ. ಆ ಹುಲ್ಲಿನಲ್ಲಿ ಒಂದು ಹಸು ಮತ್ತು ಅದರ ಕರುವನ್ನು ವರ್ಷ ಸಾಕಲು ಸುಮಾರು 15ರಿಂದ 20 ಎಕರೆ ಬೇಕು. 640 ಎಕರೆಯಲ್ಲಿ ಹೆಚ್ಚೆಂದರೆ 32ರಿಂದ 43 ಹಸು. ಅಷ್ಟರಲ್ಲಿ ಒಂದು ಸಂಸಾರ ನಡೆಯುವುದು ಕಷ್ಟ. ಬೇಸಾಯಕ್ಕಿಳಿದು ಉತ್ತವರ ಹೊಲ ಗಾಳಿಗೆ ಹಾರಿತು. ಜಮೀನು ಅಕ್ಕಪಕ್ಕದ ದನಗಾಹಿ ರ‍್ಯಾಂಚುಗಳಿಗೆ ಮಾರಾಟವಾಯಿತು, ಮನೆಗಳು ಕಮ್ಮಿಯಾದವು. ಆಮೇಲೆ ಟ್ರ್ಯಾಕ್ಟರು, ಹುಲ್ಲು ಕಟ್ಟುವ ಯಂತ್ರ ಬಂದು ಕೂಲಿಯಾಳಿನ ಕೆಲಸವೂ ಹೋಯಿತು. ಇಂದು ಚೆರಿಯಲ್ಲಿ ಮಾಂಸಕ್ಕೆ ಕರು ಹಾಕುವ ಹಸುಗಳೇ ಲಕ್ಷಕ್ಕೂ ಹೆಚ್ಚು, ದೇಶದಲ್ಲೇ ಮುಂಚೂಣಿ. ಜನ ಕಮ್ಮಿಯಾದದ್ದನ್ನು ನೋಡಿ ಕೌಂಟಿ ಹಾಳುಬಿದ್ದಿದೆ ಎನ್ನಲಾಗದು. ನೆಲ ತಾಳುವಷ್ಟು ಜನಕ್ಕೆ ಬಂದು ಮುಟ್ಟಿದೆ ಎನ್ನುವುದು ಹೆಚ್ಚು ಸರಿ. ಹಾಗೆಂದು ಕಷ್ಟವಿಲ್ಲ ಎಂದಲ್ಲ. ಕೋಡಿ ಎಂಬ ಹಳ್ಳಿಯಲ್ಲಿ ದಿನಸಿ ಅಂಗಡಿಯೇ ಇಲ್ಲದಾಗಿ, 2013ರಲ್ಲಿ ಶಾಲೆಯ ಮಕ್ಕಳೇ ನಿಂತು ನಡೆಸುವ ಅಂಗಡಿ ತೆರೆಯಬೇಕಾಯಿತು.

ಸಾಂದ್ರತೆಯನ್ನು ಒಡೆದು ಹೇಳಿ

5,455ನ್ನು 5,960ರಿಂದ ಭಾಗಿಸಿದರೆ ಚದರ ಮೈಲಿಗೆ 0.92. ಕಿಲೋಮೀಟರಿನಲ್ಲಿ 0.35. ದಶಮಾಂಶದ ಮನುಷ್ಯ ಯಾರಿಗೂ ಅರ್ಥವಾಗುವುದಿಲ್ಲ. ತಿರುಗಿಸಿ ಹೇಳಿ: ಒಬ್ಬರಿಗೆ ಹತ್ತಿರ ಹತ್ತಿರ 3 ಚದರ ಕಿಲೋಮೀಟರು.

ಇಲ್ಲಿಗೆ ನಿಲ್ಲಿಸಬೇಡಿ. ಆ ಜನರಲ್ಲಿ 2,633 ಮಂದಿ ವ್ಯಾಲೆಂಟೈನ್ ಪಟ್ಟಣದಲ್ಲೇ ಇದ್ದಾರೆ, ಶೇ. 48. ಪಟ್ಟಣವನ್ನು ತೆಗೆದು ಉಳಿದ 2,822 ಜನರನ್ನು ಉಳಿದ ನೆಲಕ್ಕೆ ಹಂಚಿದರೆ ಒಬ್ಬರಿಗೆ ಸುಮಾರು 5.5 ಚದರ ಕಿಲೋಮೀಟರು. ಕೌಂಟಿ ಕೇಂದ್ರವನ್ನು ಕಳೆದು ಮಾಡುವ ಈ ಎರಡನೇ ಲೆಕ್ಕವೇ ಹಳ್ಳಿಗಾಡಿನ ನಿಜ ಚಿತ್ರ.

ಹಳೆಯ ಅಳತೆಗೋಲೊಂದಿದೆ. 1890ರ ಗಣತಿಯವರು ಚದರ ಮೈಲಿಗೆ ಇಬ್ಬರಿಗಿಂತ ಕಮ್ಮಿ ಇದ್ದ ಸೀಮೆಯನ್ನು 'ನೆಲೆಯಾಗದ್ದು' ಎಂದು ಎಣಿಸಿದರು. ಜನ ಅತಿ ಹೆಚ್ಚಿದ್ದ 1920ರಲ್ಲೂ ಚೆರಿಯ ಸಾಂದ್ರತೆ 1.97. ಯಾವ ಗಣತಿಯಲ್ಲೂ ಅದು ಆ ಗೆರೆ ದಾಟಿಲ್ಲ.

ಎಲ್ಲಿ ಎಡವುತ್ತಾರೆ

ಸೆನ್ಸಸ್ ಬ್ಯೂರೋ ಮೂರು ಬೇರೆ ಬೇರೆ ಜನಸಂಖ್ಯೆ ಕೊಡುತ್ತದೆ. ಏಪ್ರಿಲ್ 1ರ ದಶವಾರ್ಷಿಕ ಗಣತಿ, ಪ್ರತಿ ವರ್ಷ ಜುಲೈ 1ರ ಅಂದಾಜು, ಮತ್ತು ಎಸಿಎಸ್ (ಅಮೆರಿಕನ್ ಕಮ್ಯುನಿಟಿ ಸರ್ವೆ) ಎಂಬ ಮಾದರಿ ಸಮೀಕ್ಷೆ. ತಲೆಯೆಣಿಕೆಗೆ ಮೊದಲನೆಯದನ್ನೇ ಬಳಸಿ. ವಯಸ್ಸು, ಆದಾಯ, ಓದಿಗೆ ಎಸಿಎಸ್ ಬೇಕಾಗುತ್ತದೆ. 65,000ಕ್ಕಿಂತ ಕಮ್ಮಿ ಜನರಿರುವ ಕೌಂಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಒಟ್ಟು ಅಂಕಿ ಮಾತ್ರ ಸಿಗುತ್ತದೆ. ಆದ್ದರಿಂದ '2020ರಲ್ಲಿ' ಎನ್ನದೆ '2016–2020ರ ಸರಾಸರಿ' ಎಂದು ಬರೆಯಬೇಕು. ಪ್ರತಿ ಅಂಕಿಯ ಪಕ್ಕ ಇರುವ ± ಗುರುತನ್ನು ಬಿಡಬೇಡಿ, ನಿಜ ಸಂಖ್ಯೆ ಎಷ್ಟು ಆಚೀಚೆ ಇರಬಹುದು ಎಂದು ಹೇಳುವುದು ಅದೇ. ಉದಾಹರಣೆಗೆ 120 ± 60 ಎಂದಿದ್ದರೆ, 60ನ್ನು 1.645ರಿಂದ ಭಾಗಿಸಿ, ಬಂದ 36.5ನ್ನು 120ರಿಂದ ಭಾಗಿಸಿ. ಶೇ. 30 ಬಂತು. ಅಷ್ಟು ಅಲುಗಾಡುವ ಅಂಕಿಯನ್ನು ನಂಬಿ ಏನನ್ನೂ ಬರೆಯಬಾರದು.

2020ರ ಗಣತಿಯಲ್ಲಿ ಇನ್ನೊಂದು ತೊಡಕು. ವ್ಯಕ್ತಿಗಳ ಗುಟ್ಟು ಕಾಯಲು ರಾಜ್ಯಕ್ಕಿಂತ ಕೆಳಗಿನ ಅಂಕಿಗಳಲ್ಲಿ ಬೇಕೆಂದೇ ಸಣ್ಣ ಏರುಪೇರು ಬೆರೆಸಿದ್ದಾರೆ. ಕೌಂಟಿಯ ಮಟ್ಟದಲ್ಲಿ ಅದು ಲೆಕ್ಕಕ್ಕಿಲ್ಲ, ಹಳ್ಳಿಯ ಮಟ್ಟದಲ್ಲಿ ಕಾಡುತ್ತದೆ. ಇದೇ ರಾಜ್ಯದ ಬಾಯ್ಡ್ ಕೌಂಟಿಯ ಮೊನೊವಾಯ್ ಹಳ್ಳಿಯಲ್ಲಿ ಇದ್ದದ್ದು ಒಬ್ಬರೇ, ಗಣತಿಯ ಪಟ್ಟಿಯಲ್ಲಿ ಬಂದದ್ದು ಇಬ್ಬರು. ಹಾಗಾಗಿ ಇಪ್ಪತ್ತು-ಮೂವತ್ತು ಜನರ ಊರಿಗೆ ಶೇಕಡಾ ಏರಿಳಿತ ಹಾಕಲೇಬೇಡಿ.

'ಗ್ರಾಮೀಣ' ಎಂಬ ಪದದ ಅರ್ಥವೂ ಬದಲಾಗಿದೆ. ಮೊದಲು 2,500 ಜನರಿದ್ದರೆ ಪಟ್ಟಣ ಪ್ರದೇಶ. 2020ರ ಗಣತಿಯಿಂದ 5,000 ಜನ ಅಥವಾ 2,000 ಮನೆ ಬೇಕು. ವ್ಯಾಲೆಂಟೈನ್ ಹಳೆಯ ಮಿತಿಗಿಂತ ಮೇಲಿದೆ, ಹೊಸದಕ್ಕಿಂತ ಕೆಳಗಿದೆ. 2010 ಮತ್ತು 2020ರ ಗ್ರಾಮೀಣ ಪ್ರಮಾಣಗಳನ್ನು ಹಾಗೆಯೇ ಹೋಲಿಸಿದರೆ, ಯಾರೂ ಮನೆ ಬದಲಿಸದೆ ಪಟ್ಟಣವೊಂದು ಮಾಯವಾದಂತೆ ಕಾಣುತ್ತದೆ.

ಅಂಚೆ ಸಂಖ್ಯೆಯ ಗಡಿ ಕೌಂಟಿಯ ಗಡಿಯಲ್ಲ, ಅದನ್ನು ಕೂಡಿಸಿ ಜನಸಂಖ್ಯೆ ತೆಗೆಯಲಾಗದು. 2020ರ ಗಣತಿಯಲ್ಲಿ 'ಹಿಸ್ಪಾನಿಕ್' (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಎಂಬುದು ಜನಾಂಗದ ಪಟ್ಟಿಗೆ ಸೇರಿರಲಿಲ್ಲ, ಪ್ರತ್ಯೇಕ ಪ್ರಶ್ನೆಯಾಗಿತ್ತು. ಅದನ್ನೂ ಜನಾಂಗಗಳ ಜೊತೆ ಕೂಡಿಸಿದರೆ ಮೊತ್ತ ನೂರು ಮೀರುತ್ತದೆ. ಚೆರಿ ಎರಡು ಕಾಲವಲಯಗಳಲ್ಲಿ ಹರಡಿದೆ, ಪಶ್ಚಿಮದ ಭಾಗದ ಗಡಿಯಾರ ಒಂದು ಗಂಟೆ ಹಿಂದೆ. 'ಕೌಂಟಿಯ ಸಮಯ' ಎಂದು ಒಂದೇ ಬರೆದರೆ ಅರ್ಧ ತಪ್ಪು.

ಬರೆದಾಗ ಹೀಗಿರಲಿ

"ಚೆರಿ ಕೌಂಟಿ ನೆಬ್ರಾಸ್ಕದ ಉತ್ತರದಂಚಿನಲ್ಲಿದೆ. ನೆಲದ ವಿಸ್ತೀರ್ಣ ಸುಮಾರು 5,960 ಚದರ ಮೈಲಿ (15,440 ಚ.ಕಿ.ಮೀ.), ರಾಜ್ಯದ ಅತಿ ದೊಡ್ಡ ಕೌಂಟಿ. ಬಹುಪಾಲು ಹುಲ್ಲು ಹೊದ್ದ ಮರಳುದಿಬ್ಬ, ಕಸುಬು ದನ ಸಾಕಣೆ. 2020ರ ಏಪ್ರಿಲ್ 1ರ ಗಣತಿಯಂತೆ 5,455 ಜನ, ಅರ್ಧದಷ್ಟು ವ್ಯಾಲೆಂಟೈನ್‌ನಲ್ಲಿ. 1904ರ ಭೂಕಾಯ್ದೆಯ ನಂತರ ಏರಿ 1920ರಲ್ಲಿ 11,753 ಮುಟ್ಟಿದ ಜನಸಂಖ್ಯೆ ಅಂದಿನಿಂದ ಪ್ರತಿ ಗಣತಿಯಲ್ಲೂ ಇಳಿದಿದೆ."

ಐದೇ ವಾಕ್ಯ. ಬೇರೆ ಕೌಂಟಿಗೆ ಹೋದಾಗ ಇದೇ ಅಚ್ಚಿನಲ್ಲಿ ಅಂಕಿ ಬದಲಿಸಿ ತುಂಬುವ ಮುನ್ನ, ಅದರ ಗಡಿ ಹಿಂದೆ ಬದಲಾಗಿತ್ತೇ ಎಂದು ನೋಡಿ. 1900ರ ಸುಮಾರಿಗೆ ಪಶ್ಚಿಮದ ಎಷ್ಟೋ ಕೌಂಟಿಗಳನ್ನು ಒಡೆದು ಎರಡು ಮೂರು ಮಾಡಿದ್ದಾರೆ. ಅಲ್ಲಿ ಜನಸಂಖ್ಯೆ ದಿಢೀರನೆ ಇಳಿದಿದ್ದರೆ ಜನ ಹೋಗಿರಲಿಕ್ಕಿಲ್ಲ, ಗೆರೆ ಸರಿದಿರಬಹುದು.